ಸಿಡಿಲುಗಲ್ಲಿನ ಮೊದಲ ಕ್ಯಾಸೆಟ್ – ಅಧ್ಯಾಯ ಒಂಬತ್ತು: ಕೋಲು ಬಿದ್ದ ಸದ್ದು

“ಇಲ್ಲೇ. ಇಲ್ಲೇ ನಿಂತಿತು ನೋಡಿ,” ಎಂದು ಶ್ರೀಕಂಠಯ್ಯನವರು ಮೇಜಿನ ಮೇಲೆ ಬೆರಳು ಕುಟ್ಟಿದರು. “ಹಾಡು ನಡೀತಾ ಇದೆ, ಗಿಟಾರ್ ನಡೀತಾ ಇದೆ, ಡ್ರಮ್ ಮಾತ್ರ ಸತ್ತುಹೋಯ್ತು. ಅಸಲಿ ಕ್ಯಾಸೆಟ್ಟಿನಲ್ಲಿ ಇಂಥ ತಪ್ಪು ಇರಲೇ ಇಲ್ಲ ಅಂತ ರಾಘವನೇ ಹೇಳಿದಾನೆ. ಬಾರಿಸಿದವನೇ ಹೇಳಿದ ಮೇಲೆ ಇನ್ನೇನಮ್ಮ ಬೇಕು?”

ಭಾವನಾ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಅದೇ ಭಾಗವನ್ನು ಮತ್ತೆ ಹಾಕಿದಳು.

ಶ್ರೀರಂಗಪಟ್ಟಣದ ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ಆ ಕೋಣೆ ಅವಳ ಕೆಲಸದ ಮನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹಳೆಯ ಧ್ವನಿಮುದ್ರಣಗಳನ್ನು ಶುದ್ಧಗೊಳಿಸುವ ಕಸುಬು ಹಿಡಿದಿದ್ದಳು. ಕದ್ದವರನ್ನು ಹುಡುಕುವುದು ಆ ಕಸುಬಿಗೆ ತಾನಾಗಿ ಅಂಟಿಕೊಂಡದ್ದು.

‘ಸಿಡಿಲುಗಲ್ಲು’ ರಾಕ್ ತಂಡದ ಹೆಸರು ಕೇಳದವರು ಈಗ ಕಡಿಮೆ. ಇಪ್ಪತ್ತೈದು ವರ್ಷಗಳ ಹಿಂದೆ ಆ ತಂಡ ಕ್ಯಾಸೆಟ್ ಕಂಪನಿಗಳಿಗೆ ಕಳುಹಿಸಿದ ಆಡಿಷನ್ ಮುದ್ರಣಗಳು ನಾಲ್ಕೇ ನಾಲ್ಕು. ಒಂದನ್ನು ನಾಗಮಂಗಲದ ಮದುವೆ ಛತ್ರದಲ್ಲಿ, ಇನ್ನೊಂದನ್ನು ಕೆ.ಆರ್. ಪೇಟೆಯ ಮುಚ್ಚಿದ ಟಾಕೀಸಿನಲ್ಲಿ, ಮತ್ತೊಂದನ್ನು ಮೈಸೂರಿನ ಹಾಸ್ಟೆಲಿನಲ್ಲಿ ಮಾಡಿದ್ದರು. ಎಲ್ಲಕ್ಕಿಂತ ಹಳೆಯದಾದ ನಾಲ್ಕನೆಯದು ತಂಡದ ಡ್ರಮ್ ವಾದಕ ರಾಘವ ಆಗ ಇದೇ ಊರಿನಲ್ಲಿದ್ದ ಮನೆಯ ಮಹಡಿಯಲ್ಲಿ ಆದದ್ದೆಂದು ತಂಡವೇ ಹೇಳುತ್ತ ಬಂದಿತ್ತು. ನಿವೃತ್ತ ಅಧ್ಯಾಪಕರಾದ ಶ್ರೀಕಂಠಯ್ಯನವರು ನಾಲ್ಕನ್ನೂ ಕೂಡಿಸಿಟ್ಟಿದ್ದರು. ಆದರೆ ಟೇಪು ಹರಿದೀತೆಂಬ ಭಯದಿಂದ ಯಾವುದನ್ನೂ ಒಮ್ಮೆಯೂ ಕೇಳಿರಲಿಲ್ಲ.

ಹಳೆಯದರ ಟೇಪು ಇಟ್ಟಲ್ಲೇ ಮಡಿಚಿಕೊಂಡಾಗ ಅದನ್ನು ಕೆ.ಆರ್. ಪೇಟೆಯ ರೇಡಿಯೊ ರಿಪೇರಿ ಅಂಗಡಿಯ ಲೋಕೇಶನಿಗೆ ಕೊಟ್ಟರು. ಸಂಜೆಯೊಳಗೆ ಮುಗಿಯುವ ಕೆಲಸಕ್ಕೆ ಅವನು ವಾರಗಟ್ಟಲೆ ತೆಗೆದುಕೊಂಡ. ವಾಪಸು ಬಂದದ್ದನ್ನು ಕೇಳಿದ ರಾಘವ, ಇದು ನಕಲಿ ಎಂದುಬಿಟ್ಟ.

ಲೋಕೇಶ ಬಾಗಿಲ ಬಳಿ ಮಂಡಿ ಮಡಚಿ ಕುಳಿತಿದ್ದ. ನಲವತ್ತರ ಮೇಲಿನ ವಯಸ್ಸು, ಎದೆಯವರೆಗೆ ಗಡ್ಡ, ಹೆಗಲ ಮೇಲೆ ಟವಲ್ಲು.

“ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದಿರಿ?” ಭಾವನಾ ಕೇಳಿದಳು.

“ಕೆಲ್ಸ ಇತ್ತು ಮೇಡಂ.”

“ಈ ಕ್ಯಾಸೆಟ್ಟಿನ ಮೇಲಾ?”

ಅವನು ತಲೆ ತಗ್ಗಿಸಿದ. “ಕದ್ದಿಲ್ಲ ಮೇಡಂ. ಬದ್ಲಾಯಿಸ್ಲೂ ಇಲ್ಲ. ಪೊಲೀಸ್ನೋರು ಒಂದ್ಸಲ ಅಂಗ್ಡಿ ಮೆಟ್ಲು ಅತ್ತಿದ್ರೆ ಆಮೇಕೆ ಯಾರು ನಂಗೊಂದು ರೇಡಿಯೋ ಕೊಡ್ತಾರೆ? ನಂತಾವ ಇರೋದೊಂದೇ ಎಸ್ರು.”

“ಆ ಹೆಸರು ಸಾಯಂಕಾಲ ಠಾಣೆಯಲ್ಲಿ ಬರೆಸ್ತೀನಿ,” ಎಂದರು ಶ್ರೀಕಂಠಯ್ಯ. “ಅಸಲಿ ವಾಪಸು ಕೊಟ್ಟರೆ ಸರಿ, ಇಲ್ಲದಿದ್ರೆ ಜೈಲು.”

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಇಂದಿರತ್ತೆ ಲೋಟ ಕೆಳಗಿಟ್ಟರು. ಭಾವನಾಳ ಸೋದರತ್ತೆ, ನಿವೃತ್ತ ಹೆಡ್ ಕಾನ್‌ಸ್ಟೆಬಲ್. “ಮೇಷ್ಟ್ರೇ, ಕಳ್ಳರನ್ನು ನೋಡಿ ನೋಡಿ ನನಗೆ ಕನ್ನಡಿ ಮುಂದೆ ನಿಂತರೂ ಅನುಮಾನ ಬರುತ್ತೆ. ಇವನ ಮೇಲೆ ಬರ್ತಾ ಇಲ್ಲ. ಸ್ವಲ್ಪ ತಡೀರಿ.”

“ಹಾಡುವವರ ದನಿ ಆ ತಂಡದ್ದೇ ತಾನೆ?” ಭಾವನಾ ಕೇಳಿದಳು.

“ದನಿಗೇನಮ್ಮ, ಈಗ ಕಂಪ್ಯೂಟರಿನಲ್ಲಿ ಯಾರ ದನಿ ಬೇಕಾದರೂ ಮಾಡ್ತಾರೆ.”

“ಮಾಡುತ್ತಾರೆ. ಆದರೆ ಮಾಡುವವರು ಹಾಡನ್ನು ಮಾಡುತ್ತಾರೆ, ಹಾಡಿನ ಹಿಂದಿರುವುದನ್ನಲ್ಲ. ಅದನ್ನು ಕೇಳಿ.”

ಅವಳು ಗಾಯಕನ ದನಿಯನ್ನು ತಗ್ಗಿಸಿ ಉಳಿದದ್ದನ್ನು ಏರಿಸಿದಳು. ದೂರದಲ್ಲೆಲ್ಲೋ ಸೀಟಿ ಕೇಳಿತು; ಒಂದು ಉದ್ದ, ಎರಡು ಗಿಡ್ಡ. ಅದರ ಬೆನ್ನಿಗೇ ಡ್ರಮ್ ನಿಂತಿತು. ಕಟ್ಟಿಗೆಯ ತುಂಡುಗಳು ನೆಲಕ್ಕೆ ಬಿದ್ದ ಸದ್ದು. ಹಾಡು ತಾಳವಿಲ್ಲದೆ ಮುಂದುವರಿಯಿತು. ಆಮೇಲೆ ಡ್ರಮ್ಮಿನ ಹಿತ್ತಾಳೆ ತಟ್ಟೆ ಯಾರೂ ಮುಟ್ಟದೆ ಝಣಗುಟ್ಟಿತು. ಅದಾದ ಮೇಲೆ ‘ಧಮ್’ ಎಂಬ ಭಾರವಾದ ಸದ್ದು.

“ಬಂಡೆ ಸಿಡಿಸಿದ್ದು,” ಎಂದರು ಇಂದಿರತ್ತೆ.

“ಹೌದು. ಬಂಡೆ ಸಿಡಿದಾಗ ಕಂಪನ ನೆಲದೊಳಗಿನಿಂದ ಮೊದಲು ಬರುತ್ತದೆ, ಸದ್ದು ಗಾಳಿಯಲ್ಲಿ ನಿಧಾನವಾಗಿ ಬರುತ್ತದೆ. ತಟ್ಟೆ ಝಣಗುಟ್ಟಿದ್ದಕ್ಕೂ ಸದ್ದಿಗೂ ನಡುವೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಅಂತರವಿದೆ. ಅಂದರೆ ಕ್ವಾರಿ ಸುಮಾರು ನಾನೂರು ಮೀಟರ್ ದೂರದಲ್ಲಿತ್ತು. ನಕಲಿ ಮಾಡುವವನಿಗೆ ಈ ಅಂತರ ಇಡಬೇಕೆಂದು ಹೊಳೆಯುವುದಿಲ್ಲ. ಇನ್ನೊಂದು ಮಾತು. ಇದು ಬೇರೊಂದು ಕ್ಯಾಸೆಟ್ಟಿನ ಪ್ರತಿಯಾಗಿದ್ದರೆ ಎರಡು ಟೇಪುಗಳ ಹಿಸ್ಸೆನ್ನುವ ಸದ್ದು ಒಂದರ ಮೇಲೊಂದು ಕೂತಿರುತ್ತಿತ್ತು. ಇಲ್ಲಿರುವುದು ಒಂದೇ. ಕ್ಯಾಸೆಟ್ ಅಸಲಿ.”

ಶ್ರೀಕಂಠಯ್ಯನವರ ಹುಬ್ಬು ಗಂಟಿಕ್ಕಿತು. “ರಾಘವನ ಆಗಿನ ಮನೆ ಹತ್ತಿರ ಎಲ್ಲಿದೆಯಮ್ಮ ಕ್ವಾರಿ? ಅಲ್ಲಿರೋದು ಕಾವೇರಿ.”

“ಅದನ್ನೇ ನಾನೂ ಕೇಳುತ್ತಿದ್ದೇನೆ.”

ಹಾಡು ಶುರುವಾಗುವ ಮೊದಲಿನ ತುಣುಕನ್ನು ಅವಳು ಹಾಕಿದಳು. ಹಸುವೊಂದು ಅಂಬಾ ಎಂದಿತು. ಗಾಯಕ ನಗುತ್ತ ಕೂಗಿದ: “ಸೋಮಮ್ಮಾ, ಹಸು ಆ ಕಡೆ ಕಟ್ಟಿ, ನಮಗಿಂತ ಅದೇ ಚೆನ್ನಾಗಿ ಹಾಡ್ತಾ ಇದೆ.”

“ಸೀಟಿ ಊದಿ ಬಂಡೆ ಸಿಡಿಸೋರು ಆಗ ಚಿನಕುರಳಿ ಕಡೆ ಇದ್ದರು,” ಎಂದು ಇಂದಿರತ್ತೆ ಕಾರಿನ ಬೀಗದ ಕೈ ತೆಗೆದುಕೊಂಡರು. “ಪಾಂಡವಪುರ ಠಾಣೇಲಿದ್ದಾಗ ಆ ಸೀಟಿ ಕೇಳಿ ನಮ್ಮವರೇ ಯಾರೋ ಊದಿದರು ಅಂತ ಓಡಿದ್ದೀನಿ. ಮೇಷ್ಟ್ರೇ, ನೀವು ತೊಣ್ಣೂರಿಗೆ ಹೋಗಿ ರಾಘವನ ಈಗಿನ ಮನೇಲಿ ಕೂತಿರಿ. ಇವನು ನಮ್ಮ ಜೊತೆ ಬರ್ತಾನೆ. ಏನಪ್ಪ ಲೋಕೇಶ?”

ಚಿನಕುರಳಿ ಎಂದಾಗ ಲೋಕೇಶ ಟವಲ್ಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದ. “ನಂಗ್ಯಾಕೋ ತಲೆನೋವು ಕನಮ್ಮಾ,” ಎಂದ. “ಬತ್ತೀನಿ. ಕಾರಲ್ಲೇ ಕುಂತಿರ್ತೀನಿ.”

*

ಚಿನಕುರಳಿಯಲ್ಲಿ ಸೋಮಮ್ಮನ ಮನೆ ಹುಡುಕುವುದಕ್ಕೆ ಕಷ್ಟವಾಗಲಿಲ್ಲ. ಹಳೆಯ ಕ್ವಾರಿಯ ಗುಂಡಿ ಈಗ ನೀರು ತುಂಬಿ ಹಸಿರಾಗಿತ್ತು. ಅಲ್ಲಿಂದ ಮನೆಯ ಕೊಟ್ಟಿಗೆಯವರೆಗಿನ ದೂರವನ್ನು ಭಾವನಾ ಫೋನಿನ ನಕ್ಷೆಯಲ್ಲಿ ಅಳೆದಳು. ನಾನೂರಕ್ಕೆ ಸ್ವಲ್ಪವೇ ಹೆಚ್ಚು. ಅವಳು ತಲೆಯಾಡಿಸಿ ಫೋನನ್ನು ಚೀಲಕ್ಕೆ ಹಾಕಿದಳು.

ಸೋಮಮ್ಮ ಕೊಟ್ಟಿಗೆಯ ಮುಂದೆ ಡೇರಿಯ ಹಾಲಿನ ಕ್ಯಾನನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಎಪ್ಪತ್ತು ದಾಟಿದ, ನೇರ ಬೆನ್ನಿನ ಹೆಂಗಸು.

“ನಿಮ್ಮ ಕೊಟ್ಟಿಗೆಯಲ್ಲಿ ಹುಡುಗರು ಯಾವಾಗಲಾದರೂ ಹಾಡು ಮುದ್ರಿಸಿದ್ದರೇ, ಅಮ್ಮಾ?”

“ಪ್ಯಾಟೆ ಐಕ್ಳು ಬಂದಿದ್ರು ಕನವ್ವ. ಕಿವಿ ತೂತು ಬೀಳೋ ಅಂಗೆ ಕಿರುಚಿ ನಮ್ ಅಸ ಎಲ್ಡು ದಿನ ಆಲು ಕೊಡ್ನಿಲ್ಲ. ನೀವ್ಯಾರು, ರೇಡಿಯೋದೋರಾ?”

ಭಾವನಾ ಫೋನಿನಲ್ಲಿ ತುಣುಕನ್ನು ಹಾಕಿದಳು. ತಮ್ಮ ಹೆಸರು ಕೇಳಿ ಸೋಮಮ್ಮ ನಕ್ಕರು. ತಾಳ ಶುರುವಾದಾಗ ಆ ನಗು ನಿಂತಿತು. ಅವರು ಕ್ಯಾನಿನತ್ತ ಬಾಗಿದರು, ಮತ್ತೆ ಉಜ್ಜತೊಡಗಿದರು, ತಾಳಕ್ಕೆ ಸರಿಯಾಗಿ.

ಸೀಟಿ ಕೇಳಿತು. ಒಂದು ಉದ್ದ, ಎರಡು ಗಿಡ್ಡ.

ಸೋಮಮ್ಮನ ಕೈಯಿಂದ ನಾರು ಜಾರಿತು. ಎರಡೂ ಕೈಗಳು ತಾವಾಗಿ ಹೆಗಲ ಮಟ್ಟಕ್ಕೆ ಎದ್ದು, ಅಂಗೈ ಮುಂದಾಗಿ ನಿಂತವು. ಫೋನಿನೊಳಗೆ ಬಂಡೆ ಸಿಡಿಯಿತು. ಕೈಗಳು ಇಳಿದವು.

ಭಾವನಾ ಮತ್ತು ಇಂದಿರತ್ತೆ ಒಬ್ಬರ ಮುಖ ಒಬ್ಬರು ನೋಡಿದರು.

“ಕೈ ಯಾಕೆ ಎತ್ತಿದಿರಿ, ಅಮ್ಮಾ?”

“ಎತ್ತುದ್ನಾ?” ಸೋಮಮ್ಮ ತಮ್ಮ ಅಂಗೈಗಳನ್ನು ನೋಡಿಕೊಂಡರು. “ಎತ್ತಿರ್ತೀನಿ ಬುಡು. ಬಂಡೆ ಕೆಲ್ಸ ಮಾಡ್ದೋರ ಅಭ್ಯಾಸ. ಸೀಟಿ ಊದುದ್ರೆ ಕೈಲಿರೋದ್ನ ಬುಟ್ಟು ಎಲ್ಡೂ ಅಂಗೈ ತೋರುಸ್ಬೇಕು. ಮದ್ದಿಗೆ ಬೆಂಕಿ ಕೊಡೋ ಮೇಸ್ತ್ರಿ ಎಲ್ಲಾರ ಕೈನೂ ನೋಡ್ಕಂಡೇ ಬತ್ತಿ ಅಚ್ಚೋನು. ಸಿಡುದ್ಮೇಲೇ ಕೈ ಇಳ್ಸಾದು. ಸಣ್ಣ ಐಕ್ಳಿಗೂ ಒಡ್ದು ಕಲ್ಸಿದ್ವಿ. ನನ್ ಮಗ್ನೂ ಅಂಗೇಯ, ಕೋಲು ಬುಟ್ಬುಟ್ಟ ನೋಡಿ, ತಾಳದ ಮದ್ಯ್ದಲ್ಲಿ.”

“ಡ್ರಮ್ ಬಾರಿಸಿದ್ದು ನಿಮ್ಮ ಮಗನೇ?”

“ಕುಮಾರ. ಇನ್ಯಾರು? ಆ ಪ್ಯಾಟೆಯೋರ್ಗೆ ಅಂಗೆ ಒಡ್ಯಕ್ಕೆ ಬಂದಾದಾ? ಕಲ್ಲು ಒಡ್ದು ಒಡ್ದು ಬಂದ ಕೈ ಅದು.”

ಅವರು ನಾರನ್ನು ಎತ್ತಿಕೊಂಡರು. ಆದರೆ ಉಜ್ಜಲಿಲ್ಲ.

“ಕಂಪ್ನಿಯೋರು ಕೇಳಿ ಮೆಚ್ಕಂಡು ಬನ್ನಿ ಅಂದಿದ್ರಂತೆ. ವಸಾ ಅಂಗಿ ವಲ್ಸಿದ್ದೆ. ಓಗೋಕ್ ಮುಂಚೆನೇ ಬಂಡೆ ಕೆಳ್ಗೆ ಸೇರ್ಕಂಡ. ಆವತ್ತು ಸೀಟಿನೇ ಊದ್ನಿಲ್ಲ ಕನವ್ವ. ಮೇಸ್ತ್ರಿ ಅದ್ನ ಬೇವಿನ ಮರದ ಮೊಳೆಗೆ ತಗ್ಲಾಕ್ತಿದ್ದ, ನೋಡುದ್ರೆ ಇಲ್ಲ. ಬಾಯಲ್ಲಿ ಕೂಗಿ ಬತ್ತಿ ಅಚ್ಚಿದ. ಗುಂಡಿವಳ್ಗಿದ್ದೋನ್ಗೆ ಕೂಗು ಕೇಳ್ತದಾ? ಆಮೇಕೆ ಅವನ ಟವಲ್ಲು ಸಿಕ್ತು, ಅವನು ಸಿಗ್ನಿಲ್ಲ. ಟವಲ್ಲನ್ನೇ ಮಣ್ ಮಾಡುದ್ವಿ.”

ಇಂದಿರತ್ತೆ ಪೊಲೀಸಿನವರ ಪ್ರಶ್ನೆ ಕೇಳಿದರು. “ಅವತ್ತು ಕ್ವಾರಿ ಹತ್ತಿರ ಹೊರಗಿನವರು ಯಾರಾದರೂ ಬಂದಿದ್ದರಾ?”

“ಯಾರ್ನ ಅಂತ ನೆಪ್ಪಿಟ್ಕಳದು, ಬುಡಿ. ಮಜ್ಗೆ ಕುಡೀರಿ. ಬಿಸ್ಲು.”

ಮೂರು ಸ್ಟೀಲ್ ಲೋಟಗಳಲ್ಲಿ ಮಜ್ಜಿಗೆ ತಂದರು. ಬೇಡವೆಂದರೂ ಕೇಳದೆ ಮೂರನೆಯದನ್ನು ತಾವೇ ಕಾರಿನವರೆಗೆ ಒಯ್ದು ಕಿಟಕಿಯಲ್ಲಿ ಚಾಚಿದರು. ಲೋಕೇಶ ಟವಲ್ಲನ್ನು ಕಣ್ಣಿನವರೆಗೆ ಎಳೆದುಕೊಂಡು, ಮುಖವನ್ನು ಆಚೆಗೆ ತಿರುಗಿಸಿಯೇ ಲೋಟ ತೆಗೆದುಕೊಂಡ.

“ತಲೆನೋವಂತೆ,” ಎಂದರು ಇಂದಿರತ್ತೆ.

“ಕುಡ್ಯಪ್ಪ, ತಂಪಾಯ್ತದೆ,” ಎಂದರು ಸೋಮಮ್ಮ.

ಕಾರು ಪಾಂಡವಪುರದ ದಾರಿ ಹಿಡಿದ ಮೇಲೆ ಭಾವನಾ ಗಮನಿಸಿದಳು: ಲೋಟ ಖಾಲಿಯಾಗಿತ್ತು, ಆದರೆ ಅವನು ಅದನ್ನು ಹಿಂದಿರುಗಿಸಿರಲಿಲ್ಲ. ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಕುಳಿತಿದ್ದ.

*

ರಾಘವನ ಮನೆ ತೊಣ್ಣೂರು ಕೆರೆಯ ಏರಿಗೆ ಮುಖ ಮಾಡಿತ್ತು. ಲೋಕೇಶ ಒಳಗೆ ಬರಲೊಪ್ಪಲಿಲ್ಲ. “ದೊಡ್ಡೋರ ಮನೆ. ನಾನಿಲ್ಲೇ ಇರ್ತೀನಿ,” ಎಂದು ಕಲ್ಲುಚಪ್ಪಡಿಯ ಅಂಗಳದಲ್ಲಿ, ಕಾರಿನ ನೆರಳಿಗೆ ನಿಂತ.

ಒಳಗಿನ ಹಜಾರವೇ ಒಂದು ಪ್ರದರ್ಶನ. ನಡುವೆ ಡ್ರಮ್ಮುಗಳು, ಗೋಡೆಯ ತುಂಬ ಕಾರ್ಯಕ್ರಮಗಳ ಫೋಟೊಗಳು, ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ತಂಡದ ಆರಂಭದ ದಿನಗಳ ಗುರುತುಗಳು. ಮುರಿದ ಕೋಲು, ಹರಿದ ಟಿಕೇಟು, ಗಿಟಾರಿನ ತಂತಿ, ಕಿಲುಬು ಹಿಡಿದ ಹಿತ್ತಾಳೆಯ ಸೀಟಿ, ಒಂದು ಹಳೆಯ ಮೈಕು. ಅಭ್ಯಾಸದಂತೆ ಭಾವನಾ ಪ್ರತಿಯೊಂದನ್ನೂ ನೋಡಿಕೊಂಡಳು.

ಶ್ರೀಕಂಠಯ್ಯನವರು ಸೋಫಾದ ತುದಿಯಲ್ಲಿದ್ದರು. ರಾಘವ ಎದ್ದು ಬಂದ. ನಲವತ್ತೈದರಲ್ಲೂ ಮೂವತ್ತರ ನಡಿಗೆ.

“ಮೇಷ್ಟ್ರು ಎಲ್ಲ ಹೇಳಿದರು,” ಎಂದ. “ನೀವು ಸಣ್ಣವರು, ಮೇಡಂ. ಆವತ್ತು ಅಲ್ಲಿದ್ದವನು ನಾನು. ಆ ಕ್ಯಾಸೆಟ್ ನಮ್ಮದಲ್ಲ.”

“ಯಾಕಲ್ಲ?”

“ಡ್ರಮ್ ನಿಲ್ಲುತ್ತೆ. ನಾನು ನಿಲ್ಲಿಸೋನಲ್ಲ. ಕೇಳಿ ನೋಡಿ ಯಾರನ್ನು ಬೇಕಾದರೂ. ವೇದಿಕೆ ಕುಸಿದಾಗಲೂ ನನ್ನ ತಾಳ ನಿಂತಿಲ್ಲ.”

“ನಂಬುತ್ತೇನೆ,” ಎಂದಳು ಭಾವನಾ. “ಆದರೂ ಒಂದು ಪರೀಕ್ಷೆ. ಅದೇ ಹಾಡಿನ ತಾಳವನ್ನು ಈಗ ನುಡಿಸುವಿರಾ? ನಡುವೆ ನಾವು ಅಡ್ಡಿ ಮಾಡುತ್ತೇವೆ. ನೀವು ನಿಲ್ಲಿಸದಿದ್ದರೆ ಈ ಚರ್ಚೆ ಮುಗಿಯಿತು.”

“ನಿಮ್ಮ ಬಾಯಿಂದಲೇ ಬಂತು. ಮೇಷ್ಟ್ರೇ, ನೀವೇ ಸಾಕ್ಷಿ.” ರಾಘವ ನಕ್ಕು ಕೋಲುಗಳನ್ನು ಕೈಗೆತ್ತಿಕೊಂಡ.

ಅವನು ನಿಜವಾಗಿಯೂ ಚೆನ್ನಾಗಿ ಬಾರಿಸುತ್ತಿದ್ದ. ಕಿಟಕಿಯ ಗಾಜು ತಾಳಕ್ಕೆ ಸರಿಯಾಗಿ ಗುಂಯ್‌ಗುಟ್ಟಿತು. ಭಾವನಾ ಕಣ್ಣಿನಲ್ಲೇ ಸನ್ನೆ ಮಾಡಿದಳು. ಇಂದಿರತ್ತೆ ತಮ್ಮ ಕೈಚೀಲದಿಂದ ಹಳೆಯ ಪೊಲೀಸ್ ಸೀಟಿಯನ್ನು ತೆಗೆದು, ಕಿಟಕಿಯ ಬಳಿ ನಿಂತು, ಉಸಿರು ತುಂಬಿಕೊಂಡು ಊದಿದರು. ಒಂದು ಉದ್ದ, ಎರಡು ಗಿಡ್ಡ.

ರಾಘವನ ಕೈ ನಿಲ್ಲಲಿಲ್ಲ. ಒಂದು ಪೆಟ್ಟೂ ಅತ್ತಿತ್ತ ಆಗಲಿಲ್ಲ.

ಆದರೆ ಹೊರಗೆಲ್ಲೋ ಲೋಹದ ವಸ್ತುವೊಂದು ಕಲ್ಲಿನ ಮೇಲೆ ಬಿದ್ದು ಉರುಳಿತು. ಡ್ರಮ್ಮಿನ ಅಬ್ಬರದಲ್ಲಿ ಅದನ್ನು ಭಾವನಾ ಮಾತ್ರ ಕೇಳಿಸಿಕೊಂಡಳು.

ರಾಘವ ಕೊನೆಯ ಪೆಟ್ಟು ಹಾಕಿ ಕೋಲುಗಳನ್ನು ತೊಡೆಯ ಮೇಲಿಟ್ಟ. “ನಿಂತಿತಾ?”

“ಇಲ್ಲ. ಹಾಗಾಗಿ ಕ್ಯಾಸೆಟ್ಟಿನಲ್ಲಿ ನಿಲ್ಲಿಸಿದವರು ನೀವಲ್ಲ.”

“ಅದನ್ನೇ ತಾನೆ ನಾನು…”

“ಕ್ಯಾಸೆಟ್ ಅಸಲಿ. ಅದರಲ್ಲಿರುವುದು ನಿಮ್ಮ ಹಳೆಯ ಮನೆಯ ಮಹಡಿಯಲ್ಲ, ಚಿನಕುರಳಿಯ ಸೋಮಮ್ಮನವರ ಕೊಟ್ಟಿಗೆ. ಕ್ವಾರಿಯ ದೂರ ಟೇಪಿನಲ್ಲೇ ಇದೆ, ಹೋಗಿ ಅಳೆದು ಬಂದಿದ್ದೇನೆ. ಸೀಟಿ ಕೇಳಿದೊಡನೆ ಕೋಲು ಬಿಟ್ಟು ಅಂಗೈ ತೋರಿಸುವುದು ಅಲ್ಲಿ ಬಂಡೆ ಕೆಲಸ ಮಾಡಿದವರಿಗೆ ಉಸಿರಿನಷ್ಟು ಸಹಜ. ಪಟ್ಟಣದ ಗಾಯಕ ನಿಲ್ಲಿಸಲಿಲ್ಲ, ಪಟ್ಟಣದ ಗಿಟಾರಿನವರೂ ನಿಲ್ಲಿಸಲಿಲ್ಲ. ನಿಲ್ಲಿಸಿದವನು ಒಬ್ಬನೇ. ಹೆಸರು ಕುಮಾರ್.”

ಶ್ರೀಕಂಠಯ್ಯನವರು ನಿಧಾನವಾಗಿ ಎದ್ದು ನಿಂತರು. “ರಾಘವ, ಏನಪ್ಪ ಇದು?”

ರಾಘವ ಕೋಲಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. “ಒಬ್ಬ ಹುಡುಗ ಬರ್ತಿದ್ದ, ಸರ್. ಸತ್ತುಹೋದ. ಕಂಪನಿಯವರು ಕರೆದಿದ್ದರು, ಇನ್ನೊಬ್ಬ ಬೇಕಿತ್ತು, ನಾನು ಕೂತೆ. ಆಮೇಲೆ ಎಲ್ಲ ಪತ್ರಿಕೆಯವರೂ ನನ್ನನ್ನೇ ಕೇಳಿದರು. ಸತ್ತವನಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು?”

“ಬದುಕಿರುವವನ ಹೆಸರು ಕೆಡಿಸಿದೆಯಲ್ಲೋ,” ಎಂದರು ಶ್ರೀಕಂಠಯ್ಯ. ಅವರ ದನಿ ಸಣ್ಣದಾಗಿತ್ತು. “ನಿನ್ನ ಮಾತು ಕಟ್ಟಿಕೊಂಡು ಒಬ್ಬ ಬಡವನನ್ನು ಕಳ್ಳ ಅಂದೆ ನಾನು. ದೂರು ಇಲ್ಲ. ಮೊದಲು ಹೋಗಿ ಅವನ ಕ್ಷಮೆ ಕೇಳ್ತೀನಿ.”

ಅವರು ಬಾಗಿಲ ಕಡೆ ನಡೆದರು. ಲೋಕೇಶನ ಹೆಸರು ಉಳಿಯಿತು. ಒಪ್ಪಿಕೊಂಡ ಕೆಲಸ ಮುಗಿದಂತಾಯಿತು. ಆದರೂ ಭಾವನಾಳ ಮನಸ್ಸು ಆ ಉರುಳಿದ ಲೋಹದ ಸದ್ದನ್ನು ಬಿಟ್ಟಿರಲಿಲ್ಲ. ಅವಳು ಕಿಟಕಿಯ ಬಳಿ ಹೋದಳು.

ಅಂಗಳದ ಚಪ್ಪಡಿಯ ಮೇಲೆ ಸೋಮಮ್ಮನ ಸ್ಟೀಲ್ ಲೋಟ ಬಿದ್ದಿತ್ತು.

ಅದರ ಪಕ್ಕದಲ್ಲಿ, ಬಿಸಿಲಿನಲ್ಲಿ, ಲೋಕೇಶ ನಿಂತಿದ್ದ. ಎರಡೂ ಕೈಗಳು ಹೆಗಲ ಮಟ್ಟದಲ್ಲಿ, ಅಂಗೈ ಮುಂದಾಗಿ. ಸೀಟಿ ಊದಿ ಎಷ್ಟೋ ಹೊತ್ತಾಗಿತ್ತು. ಆದರೆ ಯಾವ ಬಂಡೆಯೂ ಸಿಡಿದಿರಲಿಲ್ಲ. ಹಾಗಾಗಿ ಕೈಗಳು ಇನ್ನೂ ಇಳಿದಿರಲಿಲ್ಲ.

ತಾನು ಬೂಕನಕೆರೆಯವನು, ಬೆಳೆದದ್ದೂ ಅಲ್ಲೇ, ಕಲ್ಲಿನ ಕೆಲಸ ಕಂಡವನಲ್ಲ ಎಂದು ಅವನು ಮೊದಲ ದಿನವೇ ಅವಳಿಗೆ ಹೇಳಿದ್ದ.

“ಲೋಕೇಶ್,” ಎಂದು ಮೆಟ್ಟಿಲಿಳಿಯುತ್ತಿದ್ದ ಶ್ರೀಕಂಠಯ್ಯನವರು ಕರೆದರು. “ಯಾಕಪ್ಪ ಹಾಗೆ ನಿಂತಿದ್ದೀಯ?”

ಅವನು ಬೆಚ್ಚಿದ. ತನ್ನ ಕೈಗಳನ್ನು ನೋಡಿಕೊಂಡ. ಕಿಟಕಿಯಲ್ಲಿದ್ದ ಭಾವನಾಳನ್ನು ನೋಡಿದ. ಆಮೇಲೆ ಬಾಗಿ ಲೋಟ ಎತ್ತಿಕೊಂಡು, ಶರ್ಟಿನ ತುದಿಯಲ್ಲಿ ಅದರ ಧೂಳು ಒರೆಸಿ, ಯಾರೂ ಕರೆಯದೆ ಮೆಟ್ಟಿಲು ಹತ್ತಿ ಒಳಗೆ ಬಂದ. ಹೊಸ್ತಿಲ ಬಳಿ ತಲೆಯ ಟವಲ್ಲನ್ನು ತೆಗೆದ.

ರಾಘವನ ತೊಡೆಯ ಮೇಲಿದ್ದ ಕೋಲುಗಳು ಒಂದಾದ ಮೇಲೊಂದು ನೆಲಕ್ಕೆ ಬಿದ್ದವು.

“ವಾರಗಟ್ಲೆ ಯಾಕೆ ಇಟ್ಕಂಡಿದ್ದೆ ಅಂದ್ರಲ್ಲ ಮೇಡಂ,” ಎಂದ ಲೋಕೇಶ ಎಂಬ ಹೆಸರಿನವನು. ಅವನ ಕಣ್ಣು ರಾಘವನನ್ನು ಬಿಟ್ಟು ಕದಲಲಿಲ್ಲ. “ಕೇಳ್ತಿದ್ದೆ. ದಿನಾ ಕೇಳ್ತಿದ್ದೆ.”

“ಕುಮಾರ್,” ಎಂದಳು ಭಾವನಾ.

“ಎಂಗೆ ಉಳ್ಕಂಡೆ, ಯಾಕೆ ಬಚ್ಚಿಟ್ಕಂಡೆ ಅಂತ ನನ್ನ ಈಗ ಕೇಳ್ಬ್ಯಾಡಿ. ಇವ್ರನ್ನ ಒಂದೇ ಒಂದು ಮಾತು ಕೇಳಿ. ಬೇವಿನ ಮರದ ಮೊಳೇಲಿದ್ದ ಸೀಟಿ ಆವತ್ತು ಎಲ್ಲೋಯ್ತು ಅಂತ.”

ರಾಘವನ ನೋಟ, ಅವನ ಅಪ್ಪಣೆಗೂ ಕಾಯದೆ, ಗಾಜಿನ ಕಪಾಟಿನತ್ತ ಹೋಯಿತು.

ಅಷ್ಟರಲ್ಲಾಗಲೇ ಇಂದಿರತ್ತೆ ಆ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರು ಅಂಗೈ ಚಾಚಿದರು.

“ಬೀಗದ ಕೈ ಕೊಡಪ್ಪ.”